ಚುನಾವಣೆಯೂ ಪೇಟೆಯ ಧಾರಣೆಯೂ

ಮೈಸೂರಿನಿಂದ ಕೃಷ್ಣರಾಜನಗರದ ಮೂಲಕ ಹಾಸನದ ಕಡೆಗೆ ಸಾಗುವ ಹಾದಿಯಲ್ಲಿ ಭೇರ್ಯ ಎಂಬ ಗ್ರಾಮವಿದೆ. ಈ ಸೀಮೆಯಲ್ಲಿ ಕಾವೇರಿಯ ನಾಲೆಯ ನೀರು ಹರಿಯುವ ಕಡೆ ಭತ್ತದ ಗದ್ದೆಗಳಿವೆ. ಮಳೆಯನ್ನೇ ನೆಚ್ಚಿದ ಹೊಲಗಳಲ್ಲಿ ರಾಗಿ, ಹುರುಳಿ, ಹೊಗೆಸೊಪ್ಪು ಬೆಳೆಯುತ್ತವೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಗೆ ಹೋದಂತೆ ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ ಮನೆಗಳು ಅಲ್ಲಲ್ಲಿ ಕಾಣಸಿಗುತ್ತವೆ. ಬಿತ್ತುವ ಮುನ್ನ ಇಲ್ಲಿನ ರೈತನು ಮುಗಿಲನ್ನು ನೋಡುತ್ತಾನೆ. ಮಾರುವ ಮುನ್ನ ಪೇಟೆಯನ್ನು ನೋಡುತ್ತಾನೆ. ಮುಗಿಲಿನ ಮರ್ಮವು ಅವನಿಗೆ ತಲೆಮಾರುಗಳಿಂದ ತಿಳಿದುಬಂದಿದೆ. ಪೇಟೆಯ ಮರ್ಮವು ಮಾತ್ರ ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ದೆಹಲಿಯಲ್ಲಿಯೋ ಸಾವಿರಾರು ಮೈಲಿ ದೂರದ ವಾಷಿಂಗ್ಟನ್ನಿನಲ್ಲಿಯೋ ಒಬ್ಬರು ರಾಷ್ಟ್ರದ ಅಧ್ಯಕ್ಷರಾಗಿ ಆಯ್ಕೆಯಾದರೆ, ಈ ರೈತನ ಕೈಗೆ ಬರುವ ಹಣವು ಹೆಚ್ಚು ಕಡಮೆಯಾಗುವುದುಂಟೆ? ಅವನಿಗೆ ಸಾಲ ದೊರೆಯುವ ಬಗೆಯು ಬದಲಾಗುವುದುಂಟೆ? ಮೇಲುನೋಟಕ್ಕೆ ಈ ಪ್ರಶ್ನೆಯು ಅಸಂಗತವೆಂದು ತೋರಬಹುದು. ಆದರೆ ಕರ್ನಾಟಕದ ಇತಿಹಾಸದಲ್ಲಿಯೇ ಇದಕ್ಕೆ ಉತ್ತರ ಹೇಳುವ ಪ್ರಸಂಗವೊಂದಿದೆ.

ಆ ಪ್ರಸಂಗವನ್ನು ಅರಿಯುವ ಮೊದಲು ಧಾರಣೆಯೆಂದರೆ ಏನೆಂಬುದನ್ನು ವಿಚಾರಿಸಬೇಕು. ಆಷಾಢದಲ್ಲಿ ಮಳೆ ಹಿಂದಾಗಿ, ನಾಲೆಗೆ ನೀರು ಬಿಡುವುದು ಸಂದೇಹವೆಂಬ ಸುದ್ದಿ ಹಬ್ಬಿತೆಂದು ಭಾವಿಸಿರಿ. ಆ ದಿನ ಕಣಜದಲ್ಲಿರುವ ಭತ್ತವು ಒಂದು ಸೇರಿನಷ್ಟೂ ಕಡಮೆಯಾಗಿರುವುದಿಲ್ಲ. ಉಣ್ಣುವವರ ಸಂಖ್ಯೆಯೂ ಹೆಚ್ಚಿರುವುದಿಲ್ಲ. ಆದರೂ ಭತ್ತದ ಧಾರಣೆಯು ಏರುತ್ತದೆ. ಮುಂದೆ ಭತ್ತವು ಸಾಲದಾಗುವುದೆಂದು ಕೊಳ್ಳುವವರು ಅಂಜುತ್ತಾರೆ. ಮುಂದೆ ಹೆಚ್ಚಿನ ಬೆಲೆ ಬರುವುದೆಂದು ಮಾರುವವರು ಕಾಯುತ್ತಾರೆ. ಮಾರನೆಯ ವಾರ ಒಳ್ಳೆಯ ಮಳೆಯಾದರೆ ಏರಿದ ಧಾರಣೆಯು ಮತ್ತೆ ಇಳಿಯುತ್ತದೆ. ಇದರಿಂದ ಒಂದು ಅಂಶವು ಸ್ಪಷ್ಟವಾಗುತ್ತದೆ. ಧಾರಣೆಯಲ್ಲಿ ಇಂದಿನ ಸರಕಿನ ಬೆಲೆಯೊಂದಿಗೆ ನಾಳಿನ ನಿರೀಕ್ಷೆಯ ಬೆಲೆಯೂ ಬೆರೆತಿರುತ್ತದೆ. ನಿರೀಕ್ಷೆಯು ಬದಲಾದೊಡನೆ, ಸರಕು ಬದಲಾಗದಿದ್ದರೂ ಬೆಲೆಯು ಬದಲಾಗುತ್ತದೆ.

ಭತ್ತಕ್ಕೆ ಪೇಟೆಯಿರುವಂತೆ ಹಣಕ್ಕೂ ಪೇಟೆಯಿದೆ. ಕಂಪನಿಗಳ ಒಡೆತನವನ್ನು ಸಣ್ಣ ಸಣ್ಣ ಪಾಲುಗಳನ್ನಾಗಿ ಮಾಡಿ ಮಾರುವ ಕೊಳ್ಳುವ ಸ್ಥಳವೇ ಷೇರುಪೇಟೆ. ಒಂದು ದೇಶದ ನಾಣ್ಯವನ್ನು ಇನ್ನೊಂದು ದೇಶದ ನಾಣ್ಯಕ್ಕೆ ವಿನಿಮಯ ಮಾಡಿಕೊಳ್ಳುವುದು ವಿದೇಶಿ ವಿನಿಮಯ ಪೇಟೆ. ಸಾಲ ಕೊಡುವವರೂ ಪಡೆಯುವವರೂ ಸೇರುವ ಸಾಲದ ಪೇಟೆಯು ಮೂರನೆಯದು. ಬ್ಯಾಂಕುಗಳು ಈ ವ್ಯವಹಾರದ ಕೇಂದ್ರಗಳು. ಈ ಮೂರು ಪೇಟೆಗಳಲ್ಲಿಯೂ ನಾಳಿನ ನಿರೀಕ್ಷೆಗೆ ಭತ್ತದ ಪೇಟೆಗಿಂತ ಹೆಚ್ಚಿನ ಬಲವಿದೆ. ನಾಳಿನ ತೆರಿಗೆ ಎಷ್ಟು, ಬಡ್ಡಿ ಎಷ್ಟು, ಆಮದು ಸುಂಕ ಎಷ್ಟು, ಯಾವ ಉದ್ಯಮವು ಸರ್ಕಾರದ ವಶವಾಗುವುದು, ಯಾವುದು ಖಾಸಗಿಯವರಿಗೆ ಸಲ್ಲುವುದು ಎಂಬುದೆಲ್ಲವೂ ಆಳುವವರ ನಿರ್ಧಾರವನ್ನು ಅವಲಂಬಿಸಿರುತ್ತದೆ. ಆದುದರಿಂದ ಆಳುವವರು ಬದಲಾಗುವ ಸಂಭವವಿದ್ದಾಗ ಹಣದ ಪೇಟೆಯು ತಲ್ಲಣಿಸುವುದು ಸಹಜ.

ಚುನಾವಣೆಯು ಪೇಟೆಯನ್ನು ಎರಡು ಬಗೆಯಲ್ಲಿ ತಟ್ಟುತ್ತದೆ. ಫಲಿತಾಂಶದ ದಿನ ಕಾಣುವ ಏರಿಳಿತವು ಮೊದಲನೆಯದು; ಅದು ನಿರೀಕ್ಷೆಯ ಫಲ, ಬಹುಬೇಗ ಅಡಗುವಂಥದು. ಗೆದ್ದವರು ಮಾಡುವ ಕಾನೂನುಗಳಿಂದ ನಿಧಾನವಾಗಿ ಉಂಟಾಗುವ ಬದಲಾವಣೆಯು ಎರಡನೆಯದು. ಅದು ದಶಕಗಳವರೆಗೆ ಉಳಿಯುವಂಥದು. ಮೊದಲನೆಯದು ವೃತ್ತಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುತ್ತದೆ. ಎರಡನೆಯದು ಹಳ್ಳಿಯ ಮನೆಬಾಗಿಲಿಗೆ ಸದ್ದಿಲ್ಲದೆ ಬಂದು ಸೇರುತ್ತದೆ.

ಎಲ್ಲ ದೇಶಗಳ ಅಧ್ಯಕ್ಷರ ಅಧಿಕಾರವೂ ಒಂದೇ ಬಗೆಯದಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಧ್ಯಕ್ಷರೇ ಆಡಳಿತದ ಮುಖ್ಯಸ್ಥರು. ಆದಕಾರಣ ಅಲ್ಲಿನ ಅಧ್ಯಕ್ಷೀಯ ಚುನಾವಣೆಯನ್ನು ಜಗತ್ತಿನ ಪೇಟೆಗಳೆಲ್ಲವೂ ಕಾತರದಿಂದ ನಿರೀಕ್ಷಿಸುತ್ತವೆ. ಭಾರತದಲ್ಲಾದರೋ ರಾಷ್ಟ್ರಪತಿಗಳು ಸಂವಿಧಾನಾತ್ಮಕ ಮುಖ್ಯಸ್ಥರು. ಮಂತ್ರಿಮಂಡಲದ ಸಲಹೆಯಂತೆ ನಡೆಯುವವರು. ಅವರನ್ನು ಜನರು ನೇರವಾಗಿ ಆರಿಸುವುದಿಲ್ಲ. ಸಂಸತ್ತಿನ ಮತ್ತು ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು ಗುಪ್ತ ಮತದಾನದಿಂದ ಆರಿಸುತ್ತಾರೆ. ಹೀಗಾಗಿ ಭಾರತದ ರಾಷ್ಟ್ರಪತಿ ಚುನಾವಣೆಯಿಂದ ಪೇಟೆಯು ಸಾಮಾನ್ಯವಾಗಿ ಅಲುಗಾಡುವುದಿಲ್ಲ. ಇದಕ್ಕೆ ದೊಡ್ಡದೊಂದು ಅಪವಾದವೆಂದರೆ 1969ರ ಚುನಾವಣೆ. ಆ ಚುನಾವಣೆಯ ಕಥೆಯು ಬೆಂಗಳೂರಿನಲ್ಲಿ ತಿರುವು ಪಡೆಯಿತೆಂಬುದು ಕನ್ನಡಿಗರಿಗೆ ವಿಶೇಷ ಆಸಕ್ತಿಯ ವಿಷಯ.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ನಿಧನರಾದರು. ಉಪರಾಷ್ಟ್ರಪತಿಗಳಾಗಿದ್ದ ವಿ. ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಗಿರಿಯವರು 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ತೆರವಾದ ಸ್ಥಾನಕ್ಕೆ ಯಾರನ್ನು ನಿಲ್ಲಿಸಬೇಕೆಂಬ ವಿಷಯದಲ್ಲಿ ಆಳುವ ಕಾಂಗ್ರೆಸ್ ಪಕ್ಷದಲ್ಲಿ ಒಮ್ಮತವಿರಲಿಲ್ಲ. ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತು. ಪಕ್ಷದ ಅಧ್ಯಕ್ಷರಾಗಿದ್ದವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಎಸ್. ನಿಜಲಿಂಗಪ್ಪನವರು. ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಆ ಸಭೆಗೆ ಆರ್ಥಿಕ ಟಿಪ್ಪಣಿಯೊಂದನ್ನು ಕಳುಹಿಸಿದರು. ದೊಡ್ಡ ಬ್ಯಾಂಕುಗಳಲ್ಲಿ ಐದಾರನ್ನು ರಾಷ್ಟ್ರೀಕರಣ ಮಾಡುವ ಸಾಧ್ಯತೆಯ ಪ್ರಸ್ತಾಪವು ಅದರಲ್ಲಿತ್ತು. ಅದೇ ಸಭೆಯ ಕಾಲದಲ್ಲಿ ಪಕ್ಷದ ಸಂಸದೀಯ ಮಂಡಳಿಯು ಪ್ರಧಾನಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಸ್ಥಾನದ ಅಭ್ಯರ್ಥಿಯನ್ನಾಗಿ ಆರಿಸಿತು. ಗಿರಿಯವರು ಸ್ವತಂತ್ರ ಅಭ್ಯರ್ಥಿಯಾಗಿ ನಿಲ್ಲಲು ನಿರ್ಧರಿಸಿದರು. ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ ಬ್ಯಾಂಕುಗಳ ಪ್ರಶ್ನೆಯೂ ರಾಷ್ಟ್ರಪತಿ ಸ್ಥಾನದ ಪ್ರಶ್ನೆಯೂ ಹೀಗೆ ಒಂದಕ್ಕೊಂದು ಹೆಣೆದುಕೊಂಡವು.

ಅನಂತರದ ಘಟನೆಗಳು ಅತಿ ವೇಗದಿಂದ ನಡೆದವು. ಜುಲೈ 16ರಂದು ಪ್ರಧಾನಿಯವರು ಮೊರಾರ್ಜಿ ದೇಸಾಯಿಯವರಿಂದ ಹಣಕಾಸಿನ ಖಾತೆಯನ್ನು ತೆಗೆದುಕೊಂಡರು. ಜುಲೈ 19, ಶನಿವಾರದಂದು, 14 ಖಾಸಗಿ ಬ್ಯಾಂಕುಗಳನ್ನು ಸರ್ಕಾರದ ಒಡೆತನಕ್ಕೆ ತರುವ ಸುಗ್ರೀವಾಜ್ಞೆಯು ಹೊರಟಿತು. 50 ಕೋಟಿ ರೂಪಾಯಿಗಳಿಗೆ ಕಡಮೆಯಿಲ್ಲದ ಠೇವಣಿಯಿದ್ದ ದೊಡ್ಡ ಬ್ಯಾಂಕುಗಳೇ ಇವು. ಆ ರಾತ್ರಿ ಪ್ರಧಾನಿಯವರು ಬಾನುಲಿಯ ಮೂಲಕ ದೇಶಕ್ಕೆ ಈ ಸುದ್ದಿಯನ್ನು ತಿಳಿಸಿದರು. ಎರಡು ದಿನ ಕಳೆದರೆ ಸಂಸತ್ತಿನ ಅಧಿವೇಶನವು ಆರಂಭವಾಗುವುದಿತ್ತು. ಆದರೂ ಸುಗ್ರೀವಾಜ್ಞೆಯ ಹಾದಿಯನ್ನೇ ಹಿಡಿಯಲಾಯಿತು. ಅದಕ್ಕೆ ಅಂಕಿತ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿಯವರು. ಮರುದಿನವೇ ಅವರು ಚುನಾವಣೆಗೆ ನಿಲ್ಲುವ ಸಲುವಾಗಿ ರಾಜೀನಾಮೆಯಿತ್ತರು. ಹೀಗೆ ರಾಷ್ಟ್ರಪತಿ ಚುನಾವಣೆಯ ಹೊಸ್ತಿಲಲ್ಲಿ ದೇಶದ ಹಣದ ಪೇಟೆಯ ಸ್ವರೂಪವೇ ಮಾರ್ಪಟ್ಟಿತು.

ಆಗಸ್ಟ್ 16ರಂದು ಮತದಾನ ನಡೆಯಿತು. ಆತ್ಮಸಾಕ್ಷಿಗೆ ಅನುಗುಣವಾಗಿ ಮತ ನೀಡುವ ಸ್ವಾತಂತ್ರ್ಯವಿರಬೇಕೆಂಬುದು ಪ್ರಧಾನಿಯವರ ಪಕ್ಷದವರ ವಾದವಾಗಿತ್ತು. ಕಣದಲ್ಲಿದ್ದ ಮೂರನೆಯ ಪ್ರಮುಖ ಅಭ್ಯರ್ಥಿ ಸಿ. ಡಿ. ದೇಶಮುಖರು, ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರರೂ ಮಾಜಿ ಹಣಕಾಸು ಸಚಿವರೂ ಆಗಿದ್ದವರು. ಆಗಸ್ಟ್ 20ರಂದು ಎಣಿಕೆ ನಡೆದಾಗ ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಸೇರಿಸಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮತಮೌಲ್ಯಗಳು ದೊರೆತವು. ಗಿರಿಯವರು ಆಯ್ಕೆಯಾದರು. ಆ ವರ್ಷದ ಅಂತ್ಯದೊಳಗೆ ಕಾಂಗ್ರೆಸ್ ಪಕ್ಷವು ಎರಡಾಗಿ ಒಡೆಯಿತು.

ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಬ್ಯಾಂಕುಗಳ ಷೇರುಗಳನ್ನು ಹೊಂದಿದ್ದ ಆರ್. ಸಿ. ಕೂಪರ್ ಎಂಬುವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1970ರ ಫೆಬ್ರುವರಿ 10ರಂದು ನ್ಯಾಯಾಲಯವು ರಾಷ್ಟ್ರೀಕರಣದ ಕಾಯಿದೆಯನ್ನು ಅಸಿಂಧುವೆಂದು ಸಾರಿತು. ಕೇವಲ ಹದಿನಾಲ್ಕು ಬ್ಯಾಂಕುಗಳಿಗೆ ಮಾತ್ರ ಬ್ಯಾಂಕಿಂಗ್ ವ್ಯವಹಾರವನ್ನು ನಿಷೇಧಿಸಿದ್ದು ತಾರತಮ್ಯವೆಂದೂ, ಪರಿಹಾರವನ್ನು ಗೊತ್ತುಮಾಡಿದ ಕ್ರಮವು ಸರಿಯಲ್ಲವೆಂದೂ ಅದು ಅಭಿಪ್ರಾಯಪಟ್ಟಿತು. ನಾಲ್ಕೇ ದಿನಗಳಲ್ಲಿ, ಫೆಬ್ರುವರಿ 14ರಂದು, ದೋಷಗಳನ್ನು ತಿದ್ದಿದ ಹೊಸ ಸುಗ್ರೀವಾಜ್ಞೆಯು ಬಂದಿತು. ಅದಕ್ಕೆ ಅಂಕಿತ ಹಾಕಿದವರೂ ಗಿರಿಯವರೇ. ಈ ಬಾರಿ ಚುನಾಯಿತ ರಾಷ್ಟ್ರಪತಿಗಳಾಗಿ. ಸಾರ್ವಜನಿಕ ಹಿತಕ್ಕಾಗಿ ಸರ್ಕಾರವು ಒಡೆತನವನ್ನು ಪಡೆಯಬಹುದು. ಆದರೆ ಕಾನೂನಿನ ಹಾದಿಯನ್ನು ಮೀರುವಂತಿಲ್ಲ ಎಂಬ ಪಾಠವು ಈ ಮೊಕದ್ದಮೆಯಿಂದ ದೊರೆಯಿತು.

ಆ ಹದಿನಾಲ್ಕರಲ್ಲಿ ಎರಡು ಬ್ಯಾಂಕುಗಳು ಕರ್ನಾಟಕದ ಕರಾವಳಿಯಲ್ಲಿ ಹುಟ್ಟಿದವು. ಕೆನರಾ ಬ್ಯಾಂಕನ್ನು 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ್ದರು. ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿತ್ತು, ಡಾ. ಟಿ. ಎಂ. ಎ. ಪೈಗಳು ಅದರ ಸ್ಥಾಪಕರಲ್ಲೊಬ್ಬರು. 1928ರಲ್ಲಿಯೇ ಆ ಬ್ಯಾಂಕು ಪಿಗ್ಮಿ ಠೇವಣಿ ಎಂಬ ಕ್ರಮವನ್ನು ಜಾರಿಗೆ ತಂದು, ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಮನೆಮನೆಗೆ ಹೋಗಿ ಸಂಗ್ರಹಿಸುತ್ತಿತ್ತು. 1980ರ ಏಪ್ರಿಲ್ 15ರಂದು ಮತ್ತೆ ಆರು ಬ್ಯಾಂಕುಗಳ ರಾಷ್ಟ್ರೀಕರಣವಾದಾಗ ಕರಾವಳಿಯದೇ ಆದ ಕಾರ್ಪೊರೇಷನ್ ಬ್ಯಾಂಕು ಮತ್ತು ವಿಜಯಾ ಬ್ಯಾಂಕು ಆ ಸಾಲಿಗೆ ಸೇರಿದವು. ಕಾಲಾಂತರದಲ್ಲಿ ಈ ನಾಲ್ಕರಲ್ಲಿ ಮೂರರ ಹೆಸರು ಅಳಿಯಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಂದಿಗೂ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೂ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನೊಂದಿಗೂ ವಿಲೀನವಾದವು.

ಈ ಬದಲಾವಣೆಯಿಂದ ಭೇರ್ಯದಂತಹ ಗ್ರಾಮಗಳಿಗೆ ಆದುದೇನು? 1951-52ರಲ್ಲಿ ರಿಸರ್ವ್ ಬ್ಯಾಂಕು ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ, ರೈತರು ಪಡೆದ ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ಶೇಕಡ ಒಂದಕ್ಕಿಂತಲೂ ಕಡಮೆಯಾಗಿತ್ತು. ಸುಮಾರು ಶೇಕಡ 70ರಷ್ಟು ಸಾಲವು ಲೇವಾದೇವಿಗಾರರಿಂದ ಬರುತ್ತಿತ್ತು. ಮಗಳ ಮದುವೆಗೋ ಎತ್ತಿನ ಜೋಡಿಗೋ ಸಾಲ ಬೇಕಾದರೆ ಸಾಹುಕಾರನ ಜಗಲಿಯೇ ಗತಿ. ಅವನು ಹೇಳಿದ ಬಡ್ಡಿಯೇ ಬಡ್ಡಿ, ಅವನು ಬರೆದ ಪತ್ರವೇ ಪತ್ರ. ಬೆಳೆ ಕೈಕೊಟ್ಟ ವರ್ಷ ಹೊಲವೂ ಕೈಬಿಡುತ್ತಿತ್ತು. 1969ರ ಜೂನಿನಲ್ಲಿ ಇಡೀ ದೇಶದಲ್ಲಿದ್ದ 8,262 ವಾಣಿಜ್ಯ ಬ್ಯಾಂಕ್ ಶಾಖೆಗಳ ಪೈಕಿ ಗ್ರಾಮಾಂತರದಲ್ಲಿದ್ದವು 1,833 ಮಾತ್ರ. ಅದೇ ವರ್ಷದ ಕೊನೆಯಲ್ಲಿ, ಒಂದೊಂದು ಜಿಲ್ಲೆಯ ಹೊಣೆಯನ್ನು ಒಂದೊಂದು ಬ್ಯಾಂಕಿಗೆ ಒಪ್ಪಿಸುವ ಅಗ್ರಣಿ ಬ್ಯಾಂಕ್ ಯೋಜನೆಯು ಜಾರಿಗೆ ಬಂದಿತು. 1990ರ ವೇಳೆಗೆ ಗ್ರಾಮಾಂತರ ಶಾಖೆಗಳ ಸಂಖ್ಯೆಯು 34,000ವನ್ನು ಮೀರಿತ್ತು. ಮೈಸೂರು ಸೀಮೆಯಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕು ಹುಟ್ಟಿಕೊಂಡುದೂ 1970ರ ದಶಕದಲ್ಲಿಯೇ.

ಹಾಗೆಂದು ರಾಷ್ಟ್ರೀಕರಣವು ಎಲ್ಲ ರೋಗಗಳಿಗೂ ಮದ್ದಾಯಿತೆಂದು ಹೇಳಲಾಗದು. ಸರ್ಕಾರದ ಒಡೆತನದ ಜೊತೆಗೆ ರಾಜಕೀಯದ ಒತ್ತಡವೂ ಬ್ಯಾಂಕುಗಳ ಒಳಹೊಕ್ಕಿತು. ತೀರದ ಸಾಲಗಳು ಬೆಳೆದವು. ಆ ನಷ್ಟವನ್ನು ತುಂಬಲು ಸರ್ಕಾರವು ಮತ್ತೆ ಮತ್ತೆ ಬಂಡವಾಳ ಹೂಡಬೇಕಾಯಿತು. ಆ ಬಂಡವಾಳವು ತೆರಿಗೆ ಕೊಡುವ ಪ್ರಜೆಗಳ ಹಣವೇ. 1991ರ ಅನಂತರದ ಆರ್ಥಿಕ ಸುಧಾರಣೆಗಳ ಕಾಲದಲ್ಲಿ ಹೊಸ ಖಾಸಗಿ ಬ್ಯಾಂಕುಗಳಿಗೆ ಅನುಮತಿ ದೊರೆಯಿತು. ಸಾಹುಕಾರನ ಜಗಲಿಯೂ ಪೂರ್ತಿಯಾಗಿ ಬರಿದಾಗಲಿಲ್ಲ. ಬ್ಯಾಂಕಿನ ಸಾಲ ಸಕಾಲಕ್ಕೆ ಸಿಗದ ರೈತನು ಇಂದಿಗೂ ಕೈಸಾಲಕ್ಕೆ ಅಲೆಯುವುದುಂಟು. ಗುಣವನ್ನೂ ದೋಷವನ್ನೂ ಒಟ್ಟಿಗೆ ತೂಗಿ ನೋಡಿದಾಗ ಒಂದು ಮಾತು ನಿಲ್ಲುತ್ತದೆ: 1969ರ ಬೇಸಗೆಯಲ್ಲಿ ಆರಂಭವಾದ ಒಂದು ಚುನಾವಣೆಯ ಜಗ್ಗಾಟದಲ್ಲಿ ಆದ ನಿರ್ಧಾರವು ಹಳ್ಳಿಯ ಸಾಲದ ಪೇಟೆಯನ್ನು ಅರ್ಧ ಶತಮಾನಕ್ಕೂ ಮೀರಿ ಬದಲಿಸಿತು.

ಇದು ಚುನಾವಣೆಯ ದೀರ್ಘ ಪರಿಣಾಮಕ್ಕೆ ನಿದರ್ಶನ. ಇನ್ನು ದಿನವೊಂದರ ಏರಿಳಿತವನ್ನು ಗಮನಿಸಬೇಕು. ಭಾರತದಲ್ಲಿ ಆಡಳಿತದ ಅಧಿಕಾರವು ಲೋಕಸಭೆಯ ಬಹುಮತವನ್ನು ಅವಲಂಬಿಸಿರುವುದರಿಂದ, ಷೇರುಪೇಟೆಯು ಲೋಕಸಭಾ ಚುನಾವಣೆಯ ಫಲಿತಾಂಶಕ್ಕೆ ಬೇಗನೆ ಸ್ಪಂದಿಸುತ್ತದೆ. ಮುಂಬಯಿಯ ಷೇರುಪೇಟೆಯಲ್ಲಿ 30 ಪ್ರಮುಖ ಕಂಪನಿಗಳ ಷೇರುಬೆಲೆಯನ್ನು ಆಧರಿಸಿದ ಸೂಚ್ಯಂಕಕ್ಕೆ ಸೆನ್ಸೆಕ್ಸ್ ಎಂದು ಹೆಸರು. ಪೇಟೆಯು ಎಣಿಸದಿದ್ದ ಫಲಿತಾಂಶ ಬಂದ ಬಳಿಕ, 2004ರ ಮೇ 17ರಂದು ಅದು ಒಂದೇ ದಿನದಲ್ಲಿ ಶೇಕಡ 11ರಷ್ಟು ಕುಸಿದು 4,505ರಲ್ಲಿ ನಿಂತಿತು. ಅಂದು ಎರಡು ಬಾರಿ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ಆದರೆ ಅದೇ ವರ್ಷದ ಕೊನೆಗೆ ಸೂಚ್ಯಂಕವು 6,600ನ್ನು ದಾಟಿತ್ತು. 2009ರ ಮೇ 18ರಂದು ಸ್ಥಿರ ಸರ್ಕಾರ ಬರುವುದೆಂಬ ಭರವಸೆಯಿಂದ ಸೂಚ್ಯಂಕವು 2,110 ಅಂಶಗಳಷ್ಟು ನೆಗೆಯಿತು. ಏರಿಕೆಯ ಮಿತಿಯನ್ನು ದಾಟಿದುದರಿಂದ ಅಂದೂ ವ್ಯಾಪಾರವು ನಿಂತಿತು. 2024ರ ಜೂನ್ 3ರಂದು ಮತಗಟ್ಟೆ ಸಮೀಕ್ಷೆಗಳನ್ನು ನಂಬಿ 2,507 ಅಂಶ ಏರಿದ ಪೇಟೆಯು, ಮರುದಿನ ನಿಜವಾದ ಎಣಿಕೆಯು ಅದಕ್ಕೆ ಹೊಂದದಿದ್ದಾಗ 4,389 ಅಂಶ ಇಳಿಯಿತು. ಜೂನ್ 7ರಂದು ಅದೇ ಪೇಟೆಯು ಹೊಸ ಎತ್ತರದಲ್ಲಿ ಮುಕ್ತಾಯವಾಯಿತು. ಜೂನ್ 4ರಂದು ಗಾಬರಿಯಿಂದ ಮಾರಿದವನಿಗೆ ನಷ್ಟವು ನಿಜವಾಯಿತು. ತಾಳಿದವನಿಗೆ ಅದು ಕಾಗದದ ಮೇಲಿನ ಅಂಕೆಯಾಗಿಯೇ ಉಳಿಯಿತು.

ವಿದೇಶದ ಚುನಾವಣೆಯೂ ಇಲ್ಲಿನ ಪೇಟೆಯನ್ನು ತಟ್ಟದೆ ಬಿಡುವುದಿಲ್ಲ. ಅಮೆರಿಕದಲ್ಲಿ ನಾಲ್ಕು ವರ್ಷಗಳಿಗೊಮ್ಮೆ, ನವೆಂಬರಿನ ಮೊದಲ ಸೋಮವಾರದ ಮಾರನೆಯ ಮಂಗಳವಾರ ಅಧ್ಯಕ್ಷೀಯ ಚುನಾವಣೆ ನಡೆಯುತ್ತದೆ. 2016ರಲ್ಲಿ ಅದು ನವೆಂಬರ್ 8ರಂದು ನಡೆಯಿತು. ಅದೇ ರಾತ್ರಿ ಭಾರತದಲ್ಲಿ 500 ಮತ್ತು 1,000 ರೂಪಾಯಿಗಳ ನೋಟುಗಳನ್ನು ರದ್ದುಪಡಿಸಿದ ಪ್ರಕಟಣೆಯೂ ಹೊರಟಿತು. ಮರುದಿನ ಬೆಳಗ್ಗೆ ಸೆನ್ಸೆಕ್ಸ್ 1,600ಕ್ಕೂ ಹೆಚ್ಚು ಅಂಶ ಕುಸಿದು, ಸಂಜೆಯ ಹೊತ್ತಿಗೆ ಬಹುಪಾಲು ಚೇತರಿಸಿಕೊಂಡು, 338 ಅಂಶಗಳ ಇಳಿಕೆಯೊಂದಿಗೆ ಮುಗಿಯಿತು. ಆ ಕುಸಿತಕ್ಕೆ ಕಾರಣ ನೋಟಿನ ರದ್ದತಿಯೋ ಅಮೆರಿಕದ ಫಲಿತಾಂಶವೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಪೇಟೆಯ ಪ್ರತಿಯೊಂದು ಚಲನೆಗೂ ಒಂದೇ ಕಾರಣವನ್ನು ಹೇಳುವವರ ಮಾತನ್ನು ಎಚ್ಚರದಿಂದ ಕೇಳಬೇಕೆಂಬುದಕ್ಕೆ ಆ ದಿನವೇ ಸಾಕ್ಷಿ. 2024ರ ನವೆಂಬರ್ 6ರಂದು ಅಮೆರಿಕದ ಫಲಿತಾಂಶ ತಿಳಿದಾಗ ಸೆನ್ಸೆಕ್ಸ್ 901 ಅಂಶ ಏರಿತು. ಮರುದಿನ 836 ಅಂಶ ಇಳಿಯಿತು. ಅದೇ 6ರಂದು ಡಾಲರಿನೆದುರು ರೂಪಾಯಿಯು ಅದುವರೆಗಿನ ಅತಿ ಕೆಳಗಿನ ಮಟ್ಟವನ್ನು ಮುಟ್ಟಿತು. ಆ ಚುನಾವಣೆಯ ದೀರ್ಘ ಪರಿಣಾಮವು ತಿಳಿದುದು ತಡವಾಗಿ. 2025ರ ಆಗಸ್ಟ್ 27ರಿಂದ ಭಾರತದ ಹಲವು ಸರಕುಗಳ ಮೇಲೆ ಅಮೆರಿಕವು ಶೇಕಡ 50ರ ಸುಂಕವನ್ನು ಹೇರಿತು. ಫಲಿತಾಂಶದ ದಿನ ಸಂಭ್ರಮದಿಂದ ಏರಿದ ಸೂಚ್ಯಂಕವು ಇದನ್ನು ಮುಂಗಂಡಿರಲಿಲ್ಲ.

ಡಾಲರಿನ ಏರಿಳಿತಕ್ಕೂ ಹುಣಸೂರಿನ ಸೀಮೆಗೂ ಸಂಬಂಧವೆಲ್ಲಿಯದು? ಆ ಸಂಬಂಧವು ಹೊಗೆಸೊಪ್ಪಿನ ಮೂಲಕ ಬರುತ್ತದೆ. ಈ ಬೆಳೆಯು ದೇಹಕ್ಕೆ ಹಾನಿಕರವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೂ ಈ ಭಾಗದ ಸಾವಿರಾರು ಕುಟುಂಬಗಳ ವರಮಾನವು ಅದನ್ನೇ ನೆಚ್ಚಿದೆ. 1976ರಲ್ಲಿ ಸ್ಥಾಪಿತವಾದ ತಂಬಾಕು ಮಂಡಳಿಯು 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ಆರಂಭಿಸಿತು. ಮುಂಗಾರಿನಲ್ಲಿ ನಾಟಿಮಾಡಿದ ಸೊಪ್ಪು ಬ್ಯಾರನ್ನಿನಲ್ಲಿ ಹದವಾಗಿ, ಬೇಲುಗಳಾಗಿ ಹರಾಜು ಮಾರುಕಟ್ಟೆಗೆ ಬರುವಾಗ ಮಳೆಗಾಲವು ಮುಗಿಯುತ್ತ ಬಂದಿರುತ್ತದೆ. ಅಮೆರಿಕದ ಚುನಾವಣೆಯ ನವೆಂಬರ್ ಮಾಸವು ಈ ಹರಾಜಿನ ಕಾಲದೊಳಗೇ ಬೀಳುತ್ತದೆ. ಈ ಸೊಪ್ಪಿನ ಬಹುಭಾಗವು ಹೊರದೇಶಗಳಿಗೆ ಹೋಗುವುದರಿಂದ ರಫ್ತುದಾರನು ಡಾಲರಿನಲ್ಲಿ ಲೆಕ್ಕ ಹಾಕುತ್ತಾನೆ.

ಉದಾಹರಣೆಗೆ, ಹೊರದೇಶದಲ್ಲಿ ಒಂದು ಕಿಲೋ ಸೊಪ್ಪಿಗೆ 4 ಡಾಲರ್ ದೊರೆಯುವುದೆಂದು ಇಟ್ಟುಕೊಂಡರೆ, ಡಾಲರಿಗೆ 80 ರೂಪಾಯಿಯಿದ್ದಾಗ ರಫ್ತುದಾರನಿಗೆ 320 ರೂಪಾಯಿ ಬರುತ್ತದೆ. 84 ಆದಾಗ 336 ಬರುತ್ತದೆ. ಈ ಹೆಚ್ಚಳದಲ್ಲಿ ರೈತನಿಗೆ ಪಾಲು ಸಿಗುವುದೇ ಎಂಬುದು ಹರಾಜಿನಲ್ಲಿ ಕೊಳ್ಳುವವರ ಪೈಪೋಟಿಯನ್ನು ಅವಲಂಬಿಸಿದೆ. ಇನ್ನೊಂದು ಮಗ್ಗುಲೂ ಉಂಟು. ಪೊಟ್ಯಾಷ್ ಗೊಬ್ಬರವು ಹೊರದೇಶದಿಂದ ಬರುವ ಸರಕು. ರೂಪಾಯಿ ಬಡವಾದರೆ ಅದರ ಆಮದಿನ ವೆಚ್ಚವು ಏರುತ್ತದೆ. ಒಂದು ಕೈಗೆ ಬಂದುದು ಇನ್ನೊಂದು ಕೈಯಿಂದ ಹೋಗಬಹುದು. ಇಷ್ಟಾಗಿಯೂ ಬೆಳೆಯ ಪ್ರಮಾಣ, ಎಲೆಯ ಗುಣ, ಬೇರೆ ದೇಶಗಳ ಇಳುವರಿ ಇವು ಧಾರಣೆಯನ್ನು ಚುನಾವಣೆಗಿಂತ ಹೆಚ್ಚಾಗಿ ನಿರ್ಧರಿಸುತ್ತವೆ. ಚುನಾವಣೆಯು ಅನೇಕ ಕಾರಣಗಳಲ್ಲಿ ಒಂದು, ಅದೊಂದೇ ಕಾರಣವಲ್ಲ.

ಈ ಎಲ್ಲ ಸಂಗತಿಗಳಿಂದ ಪ್ರಜೆಯು ಕಲಿಯಬೇಕಾದುದು ಯಾವುದು? ಚುನಾವಣೆಯ ಗಾಳಿಮಾತನ್ನು ಕೇಳಿ, ಕಷ್ಟಪಟ್ಟು ಕೂಡಿಟ್ಟ ಹಣವನ್ನು ಒಂದೇ ದಿನದಲ್ಲಿ ಹೂಡುವುದೂ ಹಿಂತೆಗೆಯುವುದೂ ವಿವೇಕವಲ್ಲ. ನಾಳೆ ಯಾರು ಗೆಲ್ಲುವರೆಂದು ಬಲ್ಲವನಂತೆ ಮಾತಾಡುವ ದಲ್ಲಾಳಿಗೆ ಗಿರಾಕಿ ಕೊಂಡರೂ ದಲ್ಲಾಳಿ, ಮಾರಿದರೂ ದಲ್ಲಾಳಿ. ನಷ್ಟದಲ್ಲಿ ಮಾತ್ರ ಅವನು ಪಾಲುದಾರನಲ್ಲ. ಹಾಗೆಂದು ಚುನಾವಣೆಗೂ ತನ್ನ ಹೊಟ್ಟೆಪಾಡಿಗೂ ಸಂಬಂಧವಿಲ್ಲವೆಂದು ಉದಾಸೀನನಾಗುವುದೂ ಸಲ್ಲದು. ಸಾಲವು ಯಾರಿಗೆ ಸಿಗಬೇಕು, ಸುಂಕವು ಯಾವುದರ ಮೇಲೆ ಬೀಳಬೇಕು, ಬ್ಯಾಂಕಿನ ಬಾಗಿಲು ಯಾವ ಊರಿನಲ್ಲಿ ತೆರೆಯಬೇಕು ಎಂಬುವು ಆಳುವವರ ನಿರ್ಧಾರಗಳು. ಆ ಆಳುವವರನ್ನು ಆರಿಸುವವರು ಪ್ರಜೆಗಳು. ಷೇರುಪೇಟೆಯ ಸೂಚ್ಯಂಕವು ಚುನಾವಣೆಯ ಬೆಲೆಯನ್ನು ಒಂದು ದಿನದಲ್ಲಿ ಅಳೆಯಲು ಹೋಗಿ ಹಲವು ಬಾರಿ ತಪ್ಪುತ್ತದೆ. ಬಿತ್ತನೆಯ ಕಾಲದಲ್ಲಿ ರೈತನಿಗೆ ನ್ಯಾಯವಾದ ಬಡ್ಡಿಗೆ ಸಾಲ ಸಿಕ್ಕಿತೇ, ಬೆಳೆದ ಬೆಳೆಗೆ ತಕ್ಕ ಬೆಲೆ ಬಂದಿತೇ ಎಂಬುದೇ ಅದರ ಸರಿಯಾದ ಅಳತೆ.

ಅಭ್ಯಾಸ

1. ಸರಕು ಬದಲಾಗದಿದ್ದರೂ ಧಾರಣೆ ಬದಲಾಗುವುದೇಕೆ? ಭತ್ತದ ಉದಾಹರಣೆಯಿಂದ ವಿವರಿಸಿರಿ.
2. ಭಾರತದ ರಾಷ್ಟ್ರಪತಿ ಚುನಾವಣೆಯಿಂದ ಪೇಟೆಯು ಸಾಮಾನ್ಯವಾಗಿ ಅಲುಗಾಡದಿರಲು ಕಾರಣವೇನು? 1969ರ ಚುನಾವಣೆಯು ಹೇಗೆ ಅಪವಾದವಾಯಿತು?
3. ಬ್ಯಾಂಕ್ ರಾಷ್ಟ್ರೀಕರಣದ ಗುಣದೋಷಗಳನ್ನು ಕುರಿತು ಒಂದು ಟಿಪ್ಪಣಿ ಬರೆಯಿರಿ.
4. ರೂಪಾಯಿಯ ಬೆಲೆ ಇಳಿದರೆ ಹೊಗೆಸೊಪ್ಪಿನ ರೈತನಿಗೆ ಆಗಬಹುದಾದ ಲಾಭ ನಷ್ಟಗಳಾವುವು?
5. ನಿಮ್ಮ ಊರಿನ ಹಿರಿಯರನ್ನು ಕಂಡು, ಊರಿಗೆ ಬ್ಯಾಂಕು ಬರುವ ಮೊದಲು ಸಾಲ ಹೇಗೆ ದೊರೆಯುತ್ತಿತ್ತೆಂದು ಕೇಳಿ ಬರೆಯಿರಿ.